ಕೊನೆಗೆ ಎದ್ದವರು

ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ. ಆ ಗಾದೆ ಕಟ್ಟಿದ ಪುಣ್ಯಾತ್ಮ ಸ್ಕ್ಯಾನಕ್ಕನ ಗಂಡನ ಮನೆಯಲ್ಲಿ ಒಂದು ಹೊತ್ತು ಉಂಡಿದ್ದರೆ ಬಾಯಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದ. ಅದೂ ಬೇಗನೆ ಎದ್ದು ಹೋಗಬೇಕಿತ್ತು. ತಡವಾದರೆ ಮನೆಯ ಪಾತ್ರೆಗಳನ್ನೆಲ್ಲ ಅವನೇ ತೊಳೆಯಬೇಕಾಗುತ್ತಿತ್ತು.

ಈ ಕಾನೂನು ಮಾಡಿದವರು ಮಾವ. ಅಗ್ನಿಶಾಮಕ ಠಾಣೆಯ ಮುಖ್ಯಾಧಿಕಾರಿಯಾಗಿದ್ದು ನಿವೃತ್ತರಾದವರು. ಠಾಣೆಯಲ್ಲಿ ಗಂಟೆ ಹೊಡೆದಾಗ ಯಾರು ಕೊನೆಗೆ ಗಾಡಿ ಹತ್ತುತ್ತಾರೋ ಅವರು ವಾಪಸು ಬಂದ ಮೇಲೆ ಕೆಸರು ಮೆತ್ತಿದ ಪೈಪುಗಳನ್ನೆಲ್ಲ ತೊಳೆಯಬೇಕು ಅನ್ನುವುದು ಅಲ್ಲಿನ ರೂಢಿ. ಅತ್ತೆ ತೀರಿಕೊಂಡ ಮೇಲೆ ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರು ಅನ್ನುವ ಜಗಳ ಎದ್ದಾಗ ಮಾವ ಆ ರೂಢಿಯನ್ನೇ ತಂದು ಊಟದ ಮೇಜಿನ ಮೇಲೆ ಇಟ್ಟರು. ಎಲ್ಲರೂ ಒಟ್ಟಿಗೆ ಕೂರಬೇಕು, ಕೊನೆಗೆ ಎದ್ದವರು ಪಾತ್ರೆ ತೊಳೆಯಬೇಕು. ಗಂಡು ಹೆಣ್ಣು, ಹಿರಿಯರು ಕಿರಿಯರು ಅನ್ನುವ ಭೇದವಿಲ್ಲ. ನಾನೇ ಕೊನೆಗೆ ಎದ್ದರೆ ನಾನೇ ತೊಳೆಯುತ್ತೇನೆ ಎಂದು ಎದೆ ತಟ್ಟಿ ಹೇಳಿದರು.

ಆಹಾ, ಎಂಥಾ ನ್ಯಾಯ! ಪಕ್ಕದ ಮನೆಯಾಕೆ ಕೇಳಿ ಬಾಯಿಬಾಯಿ ಬಿಟ್ಟಳು. "ನಿಮ್ಮ ಮಾವನಂಥೋರು ಮನೆಗೊಬ್ಬರು ಇರಬೇಕು ಕಣ್ರೀ" ಅಂದಳು. ಸ್ಕ್ಯಾನಕ್ಕ ಹೌದು ಹೌದು ಎಂದು ತಲೆಯಾಡಿಸಿ ಒಳಗೆ ಹೋಗಿ ಪಾತ್ರೆ ತೊಳೆದಳು. ಅವತ್ತು ತೊಳೆದಳು, ಮರುದಿನ ತೊಳೆದಳು, ಅದರ ಮರುದಿನವೂ ತೊಳೆದಳು. ವರ್ಷಗಳು ಉರುಳಿದವು. ಅಡುಗೆಮನೆಯ ನಲ್ಲಿಯನ್ನು ಎರಡು ಮೂರು ಸಲ ಬದಲಾಯಿಸಬೇಕಾಯಿತು, ತೊಳೆಯುವವಳು ಮಾತ್ರ ಬದಲಾಗಲಿಲ್ಲ.

ಯಾಕೆಂದರೆ ಅವಳಿಗೆ ತುತ್ತು ಇಳಿಯುತ್ತಿರಲಿಲ್ಲ. ಬಾಯಿಗಿಟ್ಟದ್ದನ್ನು ಅಗಿದು, ಮತ್ತೂ ಅಗಿದು, ಕಣ್ಣು ಮುಚ್ಚಿ ನುಂಗಿದರೆ ಅದು ಕತ್ತಿನ ಕೆಳಗೆ ಎಲ್ಲೋ ಒಂದು ಕಡೆ ನಿಂತು, ಹೋಗಲೋ ಬೇಡವೋ ಎಂದು ಯೋಚಿಸಿ, ಆಮೇಲೆ ಮನಸ್ಸು ಮಾಡಿ ಇಳಿಯುತ್ತಿತ್ತು. ಅದು ಇಳಿಯುವವರೆಗೆ ಇನ್ನೊಂದನ್ನು ಕಳಿಸುವ ಹಾಗಿಲ್ಲ. ಇತ್ತ ಮಾವ ಉಣ್ಣುವುದೆಂದರೆ ಈಗಲೋ ಆಗಲೋ ಗಂಟೆ ಹೊಡೆಯುತ್ತದೆ ಅನ್ನುವವರ ಹಾಗೆ. ಗಂಡ ಅದೇ ಠಾಣೆಯಲ್ಲಿ ಗಾಡಿ ಓಡಿಸುವವನು, ಅಪ್ಪನಿಗಿಂತ ಒಂದು ಕೈ ಮೇಲು. ಅವನು ಅಗಿಯುವುದನ್ನು ಕಂಡವರಿಲ್ಲ. ಇನ್ನು ನಾದಿನಿ. ಮದುವೆಯ ಗೊಡವೆಯೇ ಬೇಡ ಎಂದು ಕೂತವಳು, ಕೋರ್ಟಿನಲ್ಲಿ ಟೈಪಿಸ್ಟು, ಮನೆಯಲ್ಲಿ ಅಡುಗೆ ಅವಳದೇ. ಅವಳ ಬೆರಳು ಓಡಿದಷ್ಟೇ ವೇಗದಲ್ಲಿ ಬಾಯಿಯೂ ಓಡುತ್ತಿತ್ತು, ಉಣ್ಣುವುದಕ್ಕೂ ಸರಿ, ಆಡುವುದಕ್ಕೂ ಸರಿ.

ಹೀಗಾಗಿ ಕೆಲಸ ಮಾಡುವ ಆಸ್ಪತ್ರೆಯಲ್ಲಿ ಸ್ಕ್ಯಾನ್ ತೆಗೆದು ತೆಗೆದು ಎಲ್ಲರಿಗೂ ಸ್ಕ್ಯಾನಕ್ಕ ಆದವಳು ಮನೆಯಲ್ಲಿ ಆಮೆ. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. "ಆಮೆಗೆ ನೀರು ಕೊಡಿ", "ಆಮೆ ಎದ್ದ ಮೇಲೆ ಲೈಟ್ ಆರಿಸೋಕೆ ಹೇಳಿ". ನಾದಿನಿಗಂತೂ ಇದು ಸ್ವಂತ ಅವಮಾನ. "ಯಾಕತ್ತಿಗೆ, ನಾನು ಮಾಡಿದ ಅಡುಗೆ ಗಂಟಲಲ್ಲಿ ಇಳಿಯಲ್ವಾ?" ಎಂದು ದಿನಕ್ಕೊಂದು ಸಲ ಕೇಳುವಳು. ಇಳಿಯುತ್ತಿಲ್ಲ ಅನ್ನುವುದೇ ನಿಜವಾದ್ದರಿಂದ ಸ್ಕ್ಯಾನಕ್ಕ ತಲೆ ತಗ್ಗಿಸುವಳು. ಅದನ್ನು ನೋಡಿ ನಾದಿನಿಯ ಮುಖ ಇನ್ನಷ್ಟು ಕೆಂಪಾಗುವುದು. ಜೊತೆಗೆ ಇನ್ನೊಂದು ಕೊರಗು ನಾದಿನಿಗಿತ್ತು. ಈ ಅತ್ತಿಗೆ ಬಂದಾಗಿನಿಂದ ಒಂದು ದಿನವೂ ಎರಡನೇ ಸಲ ಬಡಿಸಿಕೊಂಡವಳಲ್ಲ. ಮೊದಲ ಸಲ ಹಾಕಿಸಿಕೊಂಡದ್ದೂ ಬೆಕ್ಕಿಗೆ ಹಾಕುವಷ್ಟು. ಅಡುಗೆ ಮಾಡುವವರಿಗೆ ಇದಕ್ಕಿಂತ ದೊಡ್ಡ ಬೈಗುಳ ಇದೆಯೇ?

ಒಮ್ಮೆ ಡಾಕ್ಟರೊಬ್ಬರ ಹತ್ತಿರ ಹೋಗಿದ್ದಳು. ಅವರು ಬಾಯಿಗೆ ಟಾರ್ಚ್ ಬಿಟ್ಟು ನೋಡಿ, "ಗಂಟಲು ಬಂಗಾರದ ಹಾಗಿದೆ. ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂದರು. ಮನೆಗೆ ಬಂದು ಹೇಳಿದಾಗ ಮಾವ, "ನಾನು ಮೊದಲೇ ಹೇಳಿರಲಿಲ್ವಾ? ಮನಸ್ಸಿದ್ದರೆ ಮಾರ್ಗ" ಅಂದರು. ಸ್ಕ್ಯಾನಕ್ಕ ಅದನ್ನೇ ನಂಬಿದಳು. ತನ್ನಲ್ಲೇ ಏನೋ ಸೋಮಾರಿತನವಿದೆ, ತಾನೇ ಸರಿಯಿಲ್ಲ ಎಂದು ತಟ್ಟೆಗಳನ್ನು ತಿಕ್ಕುತ್ತ ತಿಕ್ಕುತ್ತ ಒಪ್ಪಿಕೊಂಡಳು. ಪಾತ್ರೆ ತೊಳೆಯುವುದು ಅವಳಿಗೆ ದೊಡ್ಡ ಕಷ್ಟವಾಗಿರಲಿಲ್ಲ. ನೀನು ಬೇಕೆಂದು ಹೀಗೆ ಮಾಡುತ್ತಿಲ್ಲ ಎಂದು ಯಾರಾದರೂ ಒಬ್ಬರು, ಒಂದೇ ಒಂದು ಸಲ ಹೇಳಿದ್ದರೆ ಸಾಕಿತ್ತು. ಆ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಇದರಲ್ಲಿ ನಗೆಪಾಟಲಿನ ಸಂಗತಿಯೆಂದರೆ ಅವಳು ಮಾಡುತ್ತಿದ್ದ ಕೆಲಸ. ಹೃದಯ ಮತ್ತು ಅದರಿಂದ ಹೊರಡುವ ದೊಡ್ಡ ರಕ್ತನಾಳಗಳ ಚಿತ್ರ ತೆಗೆಯುವ ವಿಭಾಗದಲ್ಲಿ ಅವಳು ತಂತ್ರಜ್ಞೆ. ಬೆಳಗಾದರೆ ಊರಿನವರೆಲ್ಲ ಬಂದು ಅವಳ ಮುಂದೆ ಅಂಗಾತ ಮಲಗುವರು. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ" ಎಂದು ಅವಳು ಹೇಳಿದಂತೆ ಎಳೆದು ಹಿಡಿದು ಬಿಡುವರು. ಕಂಡವರ ಎದೆಯನ್ನೆಲ್ಲ ಒಳಗಿನಿಂದ ನೋಡಿದವಳಿಗೆ ತನ್ನ ಎದೆಯಲ್ಲಿ ಏನಿದೆ ಎಂದು ನೋಡಲು ಪುರುಸೊತ್ತಾಗಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ ಇರಬೇಕು.

ಹೀಗಿರುವಾಗ ಆಸ್ಪತ್ರೆಗೆ ಹೊಸ ಎಂಆರ್‌ಐ ಯಂತ್ರ ಬಂತು. ಅದನ್ನು ಕೂರಿಸಲು ಬಂದ ಎಂಜಿನಿಯರು ಎಲ್ಲ ಜೋಡಿಸಿ ಮುಗಿಸಿ, "ನಿಜವಾದ ರೋಗಿಗಳನ್ನ ಮಲಗಿಸೋ ಮೊದಲು ಆರೋಗ್ಯವಾಗಿರೋರು ಮೂರು ಜನ ಬೇಕು, ಎದೆ ಚಿತ್ರ ತೆಗೆದು ನೋಡ್ಬೇಕು" ಎಂದ. ಎಕ್ಸ್‌ರೇ ಹಾಗೆ ಕಿರಣ ಗಿರಣ ಏನಿಲ್ಲ, ಬರೀ ಅಯಸ್ಕಾಂತ, ಮಲಗಿದ್ದರೆ ಆಯಿತು ಅಂದ ಮೇಲೆ ಬಾಗಿಲು ಕಾಯುವ ಗಾರ್ಡು, ಚೀಟಿ ಬರೆಯುವ ಹುಡುಗಿ ಮತ್ತು ಸ್ಕ್ಯಾನಕ್ಕ ಒಪ್ಪಿಕೊಂಡರು. ಲೋಹದ್ದು ಏನೂ ಮೈಮೇಲೆ ಇರಬಾರದು ಎಂದು ಗಾರ್ಡಿನ ಬೆಲ್ಟ್ ಬಿಚ್ಚಿಸಿದರು. ಪಾಪ, ಅವನು ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಬರುವವರಿಗೆ ಸಲ್ಯೂಟ್ ಹೊಡೆಯುತ್ತ ಸರದಿಗೆ ಕಾದ. ಸ್ಕ್ಯಾನಕ್ಕನ ಸರದಿ ಬಂದಾಗ ಯಂತ್ರ ಡಬಡಬ ಎಂದು ಕಿವಿ ಕಿತ್ತುಹೋಗುವ ಹಾಗೆ ಬಡಿದುಕೊಳ್ಳುತ್ತಿತ್ತು. ಅವಳು ಆ ಗದ್ದಲದಲ್ಲೇ ನಿದ್ದೆ ಹೋದಳು. ಮಲಗಿಕೊಂಡೇ ಇರಿ, ಏನೂ ಮಾಡಬೇಡಿ ಎಂದು ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತೋ!

ಮಧ್ಯಾಹ್ನ ಎಲ್ಲರ ಊಟ ಮುಗಿದ ಮೇಲೆ, ತನ್ನದಿನ್ನೂ ಅರ್ಧವಾಗಿದ್ದ ಡಬ್ಬಿಯನ್ನು ಕೈಯಲ್ಲೇ ಹಿಡಿದುಕೊಂಡು ಅವಳು ಒಳಗೆ ಬಂದಳು. ವಿಭಾಗದ ಡಾಕ್ಟರಮ್ಮ ಪರದೆಯ ಮುಂದೆ ಕೂತು ಆ ಮೂವರ ಚಿತ್ರಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಪರೀಕ್ಷೆಗೆ ಮಲಗಿದವರಾದ್ದರಿಂದ ಹೆಸರು ಹಾಕಿರಲಿಲ್ಲ, ಬರೀ ನಂಬರು.

"ಸ್ಕ್ಯಾನಕ್ಕ, ಬನ್ನಿ ಇಲ್ಲಿ. ಒಂದು ತಮಾಷೆ ತೋರಿಸ್ತೀನಿ."

ಪರದೆಯ ಮೇಲೆ ಹೃದಯ ಮುದ್ದಾಗಿ ಹಿಗ್ಗುತ್ತ ಕುಗ್ಗುತ್ತ ಇತ್ತು. ಅದರಿಂದ ಹೊರಟ ಮಹಾಧಮನಿ ಮೇಲಕ್ಕೇರಿ, ಛತ್ರಿಯ ಹಿಡಿಯ ಹಾಗೆ ಬಾಗಿ, ಬೆನ್ನಿನ ಕಡೆಗೆ ಇಳಿದಿತ್ತು. ಆ ಬಾಗಿನ ನೆತ್ತಿಯಿಂದ ತಲೆಗೂ ಕೈಗಳಿಗೂ ಹೋಗುವ ಕವಲುಗಳು ಮೂರು ಇರಬೇಕು. ಇಲ್ಲಿ ನಾಲ್ಕು ಇದ್ದವು.

"ಬಲಗೈಗೆ ಹೋಗೋ ನಾಳ ಎಲ್ಲಕ್ಕಿಂತ ಮೊದಲು ಹೊರಡಬೇಕು ತಾನೇ?" ಎಂದು ಡಾಕ್ಟರಮ್ಮ ಬೆರಳಿಟ್ಟು ತೋರಿಸಿದರು. "ಈ ಪುಣ್ಯಾತ್ಮರಿಗೆ ಅದು ಕೊನೆಗೆ ಹೊರಟಿದೆ, ಅದೂ ಎಡಗಡೆಯಿಂದ. ಈಗ ಬಲಗಡೆಗೆ ಹೋಗಬೇಕಲ್ಲ, ದಾರಿ ಎಲ್ಲಿ? ಅನ್ನನಾಳದ ಬೆನ್ನ ಹಿಂದೆ ನುಗ್ಗಿದೆ ನೋಡಿ."

"ಅಯ್ಯೋ, ಅನ್ನನಾಳನ ಹಿಂದಿನಿಂದ ಒತ್ತಿ ಹಿಡಿದಿದೆಯಲ್ಲ ಡಾಕ್ಟ್ರೇ!"

"ಎಷ್ಟೋ ಜನಕ್ಕೆ ಇದರಿಂದ ಏನೂ ಆಗಲ್ಲ. ಆದರೆ ಇವರಿಗೆ ಒತ್ತಿರೋ ರೀತಿ ನೋಡಿದ್ರೆ ಪ್ರತಿ ತುತ್ತೂ ಅಲ್ಲಿ ಸಿಕ್ಕಿಹಾಕ್ಕೊಂಡೇ ಇಳೀಬೇಕು."

"ಪಾಪ, ಯಾವ ತಾಯಿ ಹೆತ್ತ ಜೀವಾನೋ. ಹೇಗೆ ಉಣ್ಣುತ್ತೋ ಏನೋ" ಎಂದು ಸ್ಕ್ಯಾನಕ್ಕ ಮನಸಾರೆ ಮರುಗಿದಳು.

"ಗಾರ್ಡ್ ಅಂತೂ ಅಲ್ಲ, ಇದು ಹೆಂಗಸಿನ ಎದೆ" ಎಂದು ಡಾಕ್ಟರಮ್ಮ ಹೊರಗೆ ಕೂಗಿ ಚೀಟಿ ಬರೆಯುವ ಹುಡುಗಿಯನ್ನು ಕರೆದರು. ಅವಳು ಏನನ್ನೋ ಮೆಲ್ಲುತ್ತಲೇ ಬಂದಳು.

"ಏನಮ್ಮ, ಊಟ ನುಂಗೋವಾಗ ಎದೆ ಮೇಲ್ಗಡೆ ಸಿಕ್ಕಿಹಾಕ್ಕೊಳ್ಳುತ್ತಾ?"

"ನನಗಾ? ಕಲ್ಲು ತಿಂದು ಕರಗಿಸೋ ವಯಸ್ಸು ಡಾಕ್ಟ್ರೇ ನಂದು!" ಎಂದು ಹುಡುಗಿ ಬಾಯಲ್ಲಿದ್ದದ್ದನ್ನು ಗುಳುಂ ಎಂದು ನುಂಗಿ ತೋರಿಸಿ ಹೊರಟುಹೋದಳು.

ಕೋಣೆಯಲ್ಲಿ ಇಬ್ಬರೇ ಉಳಿದರು. ಡಾಕ್ಟರಮ್ಮ ಮೊದಲು ಸ್ಕ್ಯಾನಕ್ಕನ ಮುಖ ನೋಡಿದರು. ಆಮೇಲೆ ಅವಳ ಕೈಯಲ್ಲಿ ಇನ್ನೂ ಅರ್ಧ ತುಂಬಿದ್ದ ಡಬ್ಬಿ ನೋಡಿದರು. ಸ್ಕ್ಯಾನಕ್ಕನೂ ತನ್ನ ಡಬ್ಬಿ ನೋಡಿಕೊಂಡಳು. ಅಲ್ಲ, ಇಷ್ಟು ಹೊತ್ತು ಯಾರಿಗೋ ಅಯ್ಯೋ ಪಾಪ ಅನ್ನುತ್ತಿದ್ದವಳಿಗೆ ಆ ಪಾಪ ತಾನೇ ಎಂದು ತಿಳಿದರೆ ಏನು ಮಾಡಬೇಕು? ಅವಳು ಕುರ್ಚಿಯಲ್ಲಿ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟಳು.

"ಅಳಬೇಡಿ, ಹೆದರೋಂಥದ್ದು ಏನಿಲ್ಲ. ಹುಟ್ಟಿನಿಂದಲೇ ಬಂದದ್ದು, ಜೀವಕ್ಕೇನೂ ಅಪಾಯವಿಲ್ಲ."

"ಹೆದರಿಕೆಗಲ್ಲ ಡಾಕ್ಟ್ರೇ, ಸಂತೋಷಕ್ಕೆ. ನಾನು ಸೋಮಾರಿ ಅಲ್ಲ!"

ಅವತ್ತು ಸಂಜೆ ಅವಳು ಆ ಚಿತ್ರದ ಫಿಲ್ಮನ್ನು ಎದೆಗೆ ಅವಚಿಕೊಂಡು ಮನೆಗೆ ಬಂದಳು. ಪಂದ್ಯದಲ್ಲಿ ಗೆದ್ದ ಕಪ್ ತರುವವರೂ ಅಷ್ಟು ಜೋಪಾನ ಮಾಡುವುದಿಲ್ಲ. ಮೇಜಿನ ಸುತ್ತ ಎಲ್ಲರನ್ನೂ ಕೂರಿಸಿ, ಮೂಲೆಯಲ್ಲಿದ್ದ ಛತ್ರಿ ತಂದು ಅದರ ಹಿಡಿಯನ್ನು ಮಹಾಧಮನಿ ಎಂದು ತೋರಿಸಿ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದಳು. ಗಂಡ ಫಿಲ್ಮನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದ.

"ಈ ರಸ್ತೆ ಒನ್ ವೇನಾ?" ಎಂದು ಕೇಳಿದ. ಜನ್ಮಕ್ಕಂಟಿದ ಡ್ರೈವರು, ಇನ್ನೇನು ಕೇಳಿಯಾನು.

ನಾದಿನಿ ಮಾತ್ರ ಕೈಕಟ್ಟಿ ಕೂತಿದ್ದಳು. "ಅತ್ತಿಗೆ, ಈ ಚಿತ್ರ ತೆಗೆದದ್ದು ಎಲ್ಲಿ?"

"ನಮ್ಮ ವಿಭಾಗದಲ್ಲೇ."

"ಇದರಲ್ಲಿ ನಿಮ್ಮ ಹೆಸರೆಲ್ಲಿದೆ? ಬರೀ ನಂಬರ್ ಇದೆ. ಅಂದ್ರೆ ಆರೋಪಿನೂ ನೀವೇ, ಸಾಕ್ಷಿನೂ ನೀವೇ, ಫೋಟೋ ತೆಗೆದೋರೂ ನಿಮ್ಮೋರೇ. ಇಂಥದ್ದನ್ನ ತಂದ್ರೆ ನಮ್ಮ ಜಡ್ಜು ನನಗೆ ಟೈಪ್ ಮಾಡೋಕೂ ಬಿಡಲ್ಲ."

ಸ್ಕ್ಯಾನಕ್ಕ ಮಾವನ ಮುಖ ನೋಡಿದಳು. ಮಾವ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಏರಿಸಿ, ಇಳಿಸಿ, ಕೊನೆಗೆ ಮೇಜಿನ ಮೇಲಿಟ್ಟರು.

"ನೋಡಮ್ಮ, ನರ ಆ ಕಡೆ ಹೋಗಿದೆಯೋ ಈ ಕಡೆ ಹೋಗಿದೆಯೋ ನನಗೆ ತಿಳಿಯಲ್ಲ. ಕಾನೂನು ಅಂದ್ರೆ ಕಾನೂನು. ಬೆಂಕಿ ಬಿದ್ದಾಗ ಅದು ನಿನ್ನ ನರ ಎಲ್ಲಿದೆ ಅಂತ ಕೇಳ್ಕೊಂಡು ಉರಿಯುತ್ತಾ?"

ಅಲ್ಲಿಗೆ ಮುಗಿಯಿತು. ಊಟವಾಯಿತು, ಮೂವರೂ ಎದ್ದರು, ಪಾತ್ರೆಗಳು ಉಳಿದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಅವಳ ಪಾಲಿಗೆ ಬರೀ ಗಾದೆಯಾಗಿ ಉಳಿದಿರಲಿಲ್ಲ. ಅವತ್ತು ಅವಳು ಪಾತ್ರೆ ತಿಕ್ಕಿದ ರಭಸಕ್ಕೆ ಬಾಣಲೆಯ ತಳದ ಹಳೇ ಕಪ್ಪೆಲ್ಲ ಹೋಗಿ ಅದರಲ್ಲಿ ಮುಖ ಕಾಣತೊಡಗಿತು. ಕಂಡ ಮುಖ ಸಿಟ್ಟಿನಿಂದ ಊದಿಕೊಂಡಿತ್ತು. ಅವಳು ಕೈ ಕೂಡ ಒರೆಸಿಕೊಳ್ಳದೆ ಸೀದಾ ಮಾವನ ಕೋಣೆಗೆ ಹೋದಳು.

"ಮಾವ, ಇನ್ನೊಂದು ಪರೀಕ್ಷೆ ಇದೆ. ಡಾಕ್ಟರಮ್ಮ ಮಾಡಿಸಲೇಬೇಕು ಅಂದಿದ್ದಾರೆ. ನಾನು ನುಂಗೋದನ್ನ ಪರದೆ ಮೇಲೆ ಹಾಗೇ ಹಸಿಹಸಿಯಾಗಿ ತೋರಿಸ್ತಾರೆ. ನೀವೇ ಬಂದು ನಿಮ್ಮ ಕಣ್ಣಲ್ಲೇ ನೋಡಿ. ಆಮೇಲೆ ಆಮೆ ಅಂತೀರೋ ಎಮ್ಮೆ ಅಂತೀರೋ, ನಾನು ಕಮಕ್ ಕಿಮಕ್ ಅನ್ನಲ್ಲ."

ಇಷ್ಟು ವರ್ಷದಲ್ಲಿ ಸೊಸೆ ಇಷ್ಟುದ್ದ ಮಾತಾಡಿದ್ದನ್ನು ಮಾವ ಕೇಳಿರಲಿಲ್ಲ. ಅವಳ ಕೈಯಿಂದ ನೊರೆ ತೊಟ್ಟಿಕ್ಕುತ್ತಿತ್ತು. "ಆಗಲಿ, ಬರ್ತೀನಿ" ಎಂದರು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುವ ಜಾತಿಯ ಮನುಷ್ಯ. ಆದರೆ ನೋಡುವುದಿಲ್ಲ ಅನ್ನುವ ಜಾತಿಯವರಾಗಿರಲಿಲ್ಲ, ಅಷ್ಟು ನಾವು ಒಪ್ಪಬೇಕು.

ಪರೀಕ್ಷೆಯ ದಿನ ಮಾವ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಆಸ್ಪತ್ರೆಗೆ ಬಂದರು. ಬಂದವರೇ ಗೋಡೆಯಲ್ಲಿ ನೇತುಹಾಕಿದ್ದ ಬೆಂಕಿ ಆರಿಸುವ ಸಿಲಿಂಡರಿನ ಬಳಿ ನಿಂತು ಅದರ ಚೀಟಿ ಓದಿ, "ಇದು ಸತ್ತು ಯಾವ ಕಾಲ ಆಯ್ತಯ್ಯ! ಬೆಂಕಿ ಬಿದ್ದ ಮೇಲೆ ಬಾವಿ ತೋಡ್ತೀರಾ?" ಎಂದು ಗಾರ್ಡಿಗೆ ಬೈದರು. ಬೆಲ್ಟ್ ಮರಳಿ ಸಿಕ್ಕಿದ್ದ ಸಂತೋಷದಲ್ಲಿದ್ದ ಗಾರ್ಡು ಕೈ ಮುಗಿದ. ಡಾಕ್ಟರಮ್ಮ ಮಾವನನ್ನು ಕಿರಣ ತಡೆಯುವ ಸೀಸದ ಗಾಜಿನ ಹಿಂದೆ, ಪರದೆ ಚೆನ್ನಾಗಿ ಕಾಣುವ ಕಡೆ ನಿಲ್ಲಿಸಿದರು.

ಒಳಗೆ ಸ್ಕ್ಯಾನಕ್ಕ ಯಂತ್ರದ ಮುಂದೆ ನಿಂತಿದ್ದಳು. ಮೊದಲು ಸುಣ್ಣದ ನೀರಿನಂಥ ಬಿಳಿ ಬೇರಿಯಂ ದ್ರಾವಣವನ್ನು ಕುಡಿಸಿದರು. ಪರದೆಯ ಮೇಲೆ ಅದು ಬೆಳ್ಳಗೆ ಗೆರೆ ಎಳೆದಂತೆ ಇಳಿಯಿತು. ಆ ಗೆರೆಯಲ್ಲಿ ಒಂದು ಕಡೆ, ಹಿಂದಿನಿಂದ ಯಾರೋ ಹೆಬ್ಬೆರಳು ಒತ್ತಿದ ಹಾಗೆ ಓರೆಯಾಗಿ ಒಂದು ತಗ್ಗು.

"ನೀರು ಹೋಯ್ತಲ್ಲ" ಎಂದರು ಮಾವ. ದನಿಯಲ್ಲಿ ಸ್ವಲ್ಪ ಗೆಲುವಿತ್ತು.

"ನೀರು ಹೇಗಾದರೂ ನುಸುಳುತ್ತೆ. ಈಗ ತುತ್ತು ನೋಡಿ."

ಬೇರಿಯಂನಲ್ಲಿ ಅದ್ದಿದ ಬ್ರೆಡ್ಡಿನ ತುಂಡನ್ನು ಸ್ಕ್ಯಾನಕ್ಕ ಅಗಿದು ನುಂಗಿದಳು. ಬಿಳಿಯ ಉಂಡೆ ಸರ್ರನೆ ಇಳಿದು ಬಂದು ಆ ತಗ್ಗಿನ ಮೇಲೆ ನಿಂತಿತು. ನಿಂತೇ ಇತ್ತು. ಹಿಂದಿನ ನಾಳ ಹೃದಯ ಬಡಿದಾಗೊಮ್ಮೆ ಮಿಡಿದು ಉಂಡೆಯನ್ನು ದೂಡುತ್ತಿತ್ತು. ಉಂಡೆ ಚೂರು ಜಾರುವುದು, ಮತ್ತೆ ಮೇಲೆ ಬರುವುದು.

"ಯಾಕೆ ನಿಂತಿತು?" ಮಾವ ಗಾಜಿಗೆ ಮೂಗು ಒತ್ತಿದರು.

"ಹಿಂದಿನಿಂದ ಆ ರಕ್ತನಾಳ ಒತ್ತಿ ಹಿಡಿದಿದೆ."

ಮಾವನ ಮುಖದಲ್ಲಿ ಏನೋ ಬದಲಾಯಿತು. ಅದುವರೆಗೆ ನರ, ನಾಳ, ಕವಲು ಎಂದು ಕೇಳಿದ್ದೆಲ್ಲ ಎಮ್ಮೆಯ ಮೇಲೆ ಮಳೆ ಸುರಿದ ಹಾಗಿತ್ತು. ಈಗ ಕಂಡದ್ದು ಬೇರೆ. ಜೀವಮಾನವಿಡೀ ಅವರು ಪೈಪಿನ ಜೊತೆ ಬದುಕಿದವರು.

"ಯಾವನೋ ಪೈಪಿನ ಮೇಲೆ ಕಾಲಿಟ್ಟಿದ್ದಾನೆ!" ಎಂದು ಕಿರುಚಿದರು. "ಏಯ್! ಕಾಲು ತೆಗೆಯೋ!"

ಠಾಣೆಯ ಆ ದನಿಗೆ ಗಾರ್ಡು ಓಡಿಬಂದ, ಚೀಟಿ ಬರೆಯುವ ಹುಡುಗಿ ಓಡಿಬಂದಳು, ಕಾರಿಡಾರಿನಲ್ಲಿ ಕಾಯುತ್ತಿದ್ದ ಮುದುಕರೊಬ್ಬರು ತಮ್ಮದೇ ಕಾಲನ್ನು ಎತ್ತಿ ಹಿಡಿದರು.

"ಕೂಗಬೇಡಿ ಯಜಮಾನ್ರೆ" ಎಂದರು ಡಾಕ್ಟರಮ್ಮ ನಗು ತಡೆದುಕೊಂಡು. "ಹುಟ್ಟಿದಾಗಿನಿಂದ ಆ ಕಾಲು ಅಲ್ಲೇ ಇದೆ. ತೆಗೀಬೇಕಂದ್ರೆ ದೊಡ್ಡ ಆಪರೇಶನ್. ಇವರಿಗೆ ಅದರ ಅಗತ್ಯ ಇಲ್ಲ."

"ಮತ್ತೆ ಮದ್ದು?"

"ಒಂದೇ ಮದ್ದು. ಚಿಕ್ಕ ಚಿಕ್ಕ ತುತ್ತು, ಚೆನ್ನಾಗಿ ಅಗೀಬೇಕು. ನಿಧಾನವಾಗಿ ಊಟ ಮಾಡ್ಬೇಕು."

ಮಾವ ಉಗುಳು ನುಂಗಿದರು. ಅವರದು ಸಲೀಸಾಗಿ ಇಳಿಯಿತು. ಪರದೆಯ ಮೇಲೆ ಉಂಡೆ ಇನ್ನೂ ಅಲ್ಲೇ ಇತ್ತು. ಮಾವ ಉಸಿರು ಬಿಗಿಹಿಡಿದು, ತಾವೇ ತಳ್ಳುವವರ ಹಾಗೆ ಮುಂದಕ್ಕೆ ಬಾಗಿ, "ಹೋಗು, ಹೋಗು ಮಗಾ" ಎಂದು ಪಿಸುಗುಟ್ಟುತ್ತಿದ್ದರು. ಕೊನೆಗೂ ಅದು ಜಾರಿ ಕೆಳಗಿಳಿದಾಗ ಅವರ ಹಣೆಯೆಲ್ಲ ಬೆವತಿತ್ತು. ಒಂದೇ ಒಂದು ತುತ್ತಿಗೆ ಇಷ್ಟು!

ಸ್ಕ್ಯಾನಕ್ಕ ತುಟಿಯ ಮೇಲಿನ ಬಿಳುಪು ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಪ್ರತಿ ತುತ್ತಿಗೂ ಹೀಗೇನಾ?" ಎಂದು ಕೇಳಿದರು ಮಾವ.

"ಹೂಂ ಮಾವ."

"ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ದೆ ಮಾವ."

ಮಾವ ಅವಳ ಕೈಚೀಲವನ್ನು ಕಿತ್ತುಕೊಂಡು ದಾರಿಯುದ್ದಕ್ಕೂ ತಾವೇ ಹೆಗಲಿಗೆ ಹಾಕಿಕೊಂಡು ನಡೆದರು. ಹೂವಿನ ಕಸೂತಿಯ ಚೀಲ, ಇಸ್ತ್ರಿಯ ಕೋಟು. ಬೀದಿಯವರು ನೋಡಿದರು, ನೋಡಲಿ.

ಸಂಜೆ ಊಟಕ್ಕೆ ಕೂತಾಗ ನಾದಿನಿಗೆ ತಡೆಯಲಾಗಲಿಲ್ಲ. "ಏನಪ್ಪ, ತೀರ್ಪು ಏನಾಯ್ತು?"

"ಊಟ ಮಾಡು" ಎಂದರು ಮಾವ.

ಕಣ್ಣಾರೆ ನೋಡಿ, ಬೆವತು, ಕಿರುಚಾಡಿ ಬಂದ ಮೇಲೂ ಈ ಮನುಷ್ಯ ಬಾಯಿ ಬಿಡುತ್ತಿಲ್ಲವಲ್ಲ ಎಂದು ಸ್ಕ್ಯಾನಕ್ಕನಿಗೆ ಅಳುವೇ ಬಂತು. ಎಂದಿನಂತೆ ಬೆಕ್ಕಿನ ಪಾಲಿನಷ್ಟು ಬಡಿಸಿಕೊಂಡು ಅಗಿಯತೊಡಗಿದಳು. ಎಂದಿನಂತೆ ಗಂಡ ಮೊದಲು ಎದ್ದ. ನಾದಿನಿ ಅವನ ಹಿಂದೆಯೇ ಎದ್ದಳು. ಇನ್ನು ಮಾವ ಏಳುತ್ತಾರೆ, ಕುರ್ಚಿ ಕಿರ್ರೆನ್ನುತ್ತದೆ ಎಂದು ಸ್ಕ್ಯಾನಕ್ಕ ತಲೆ ತಗ್ಗಿಸಿ ಕಾದಳು. ಕುರ್ಚಿ ಕಿರ್ರೆನ್ನಲಿಲ್ಲ.

ತಲೆ ಎತ್ತಿ ನೋಡಿದರೆ ಮಾವ ಕೂತೇ ಇದ್ದಾರೆ. ತಟ್ಟೆಯೆಲ್ಲ ಖಾಲಿ, ಅಂಚಿನಲ್ಲಿ ಒಂದೇ ಒಂದು ತುತ್ತು. ಅವರು ಅದನ್ನು ಮುಟ್ಟುತ್ತಿಲ್ಲ. ಅದನ್ನು ನೋಡುತ್ತ, ಕಾಲು ಕುಣಿಸುತ್ತ, ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದು ಕೂತಿದ್ದಾರೆ. ಹೃದಯದ ವಿಭಾಗದಲ್ಲಿ ಕೆಲಸ ಮಾಡುವವಳು, ಅವಳಿಗೆ ಮೊದಲು ತೋಚಿದ್ದು ಒಂದೇ.

"ಮಾವ, ಎದೆನೋವಾ? ಎಡಗೈ ಸೆಳೀತಾ ಇದೆಯಾ?"

"ನನಗೇನೂ ಆಗಿಲ್ಲ. ನೀನು ಉಣ್ಣು."

ಕೈ ತೊಳೆದು ಬಂದ ನಾದಿನಿ ಬಾಗಿಲಲ್ಲೇ ನಿಂತಳು. "ಅಪ್ಪ, ಆ ತುತ್ತು ಯಾಕೆ ಬಿಟ್ಟೆ? ಉಪ್ಪು ಜಾಸ್ತಿಯಾಯ್ತಾ?"

"ಬಿಟ್ಟಿಲ್ಲ, ಇಟ್ಟಿದ್ದೀನಿ. ಕೊನೆಗೆ ಎದ್ದವರು ಪಾತ್ರೆ ತೊಳೀಬೇಕು. ನಾನಿನ್ನೂ ಎದ್ದಿಲ್ಲ."

ನಾದಿನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವಳ ದನಿ ಇಳಿಯಿತು. "ಅಷ್ಟು ನಿಜವಾ ಅದು? ಹಾಗಿದ್ರೆ ಕಾನೂನನ್ನೇ ರದ್ದು ಮಾಡಿಬಿಡಪ್ಪ."

"ಯಾಕೆ ರದ್ದು ಮಾಡ್ಲಿ? ಕಾನೂನಿನಲ್ಲಿ ತಪ್ಪಿಲ್ಲ. ಪೈಪಿನ ಮೇಲೆ ಕಾಲಿಟ್ಟುಕೊಂಡು ನೀರು ಬರ್ತಿಲ್ಲ ಅಂತ ಪೈಪನ್ನೇ ಬೈದನಲ್ಲ ಒಬ್ಬ, ತಪ್ಪು ಅವನದು." ಮಾವ ಸೊಸೆಯ ಕಡೆ ತಿರುಗಲಿಲ್ಲ, ತುತ್ತನ್ನೇ ನೋಡುತ್ತ ಹೇಳಿದರು. "ನೀನು ಬೇಕೂಂತ ಮಾಡ್ತಿರಲಿಲ್ಲ ಕಣಮ್ಮ. ನಾನು ನೋಡಿದೆ."

ಸ್ಕ್ಯಾನಕ್ಕನ ಕಣ್ಣು ತುಂಬಿತು. ಬಾಯಲ್ಲಿದ್ದದ್ದು ಇಳಿಯುವವರೆಗೆ ಅಳುವುದಕ್ಕೂ ಕಾಯಬೇಕಾಯಿತು. ಇಳಿದ ಮೇಲೆ ನೋಡಿದರೆ ತಟ್ಟೆಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಎದ್ದರಾಯಿತು, ಅವತ್ತಿನ ಮಟ್ಟಿಗೆ ಗೆದ್ದಂತೆ. ಮಾವನೂ ತುತ್ತಿನ ಕಡೆ ಕೈ ಚಾಚಿದರು.

ಅವಳು ಏಳಲಿಲ್ಲ. ಯಾರೂ ಅವಳಿಗಾಗಿ ಮುಖ ಸಿಂಡರಿಸಿಕೊಂಡು ಕೂತಿಲ್ಲ, ಯಾರೂ ಲೈಟ್ ಆರಿಸು ಎಂದು ಹೇಳುತ್ತಿಲ್ಲ ಅನ್ನುವುದು ಅವಳಿಗೆ ಆಗ ತಾನೇ ಹೊಳೆಯಿತು. ಅದರ ಹಿಂದೆಯೇ ಇನ್ನೊಂದು ಸಂಗತಿ ಹೊಳೆಯಿತು. ಹೊಟ್ಟೆ ಚುರುಗುಟ್ಟುತ್ತಿತ್ತು. ಅವತ್ತು ಮಾತ್ರವಲ್ಲ, ಈ ಮನೆಗೆ ಬಂದಾಗಿನಿಂದಲೂ ಚುರುಗುಟ್ಟುತ್ತಲೇ ಇತ್ತು.

"ಇನ್ನು ಸ್ವಲ್ಪ ಇದೆಯಾ?" ಎಂದು ಮೆಲ್ಲಗೆ ಕೇಳಿದಳು.

"ಏನತ್ತಿಗೆ?"

"ಊಟ. ಇನ್ನೊಂದು ಸಲ ಬಡಿಸ್ತೀಯಾ? ಹಸಿವಾಗ್ತಿದೆ."

ನಾದಿನಿ ಅಡುಗೆಮನೆಗೆ ಓಡಿದಳು. ತಣ್ಣಗಾದದ್ದನ್ನು ಬಡಿಸುವುದೇ ಎಂದು ಗಡಿಬಿಡಿಯಲ್ಲಿ ಒಲೆ ಹಚ್ಚಿ, ಬಿಸಿ ಮಾಡಿ, ಪಾತ್ರೆ ಸಮೇತ ತಂದು ಸೌಟಿನ ತುಂಬ ಹಾಕಿದಳು. ಸಾಕು ಅನ್ನುವ ಮೊದಲೇ ಇನ್ನೊಂದು ಸೌಟು ಹಾಕಿದಳು. ತನ್ನ ಕೋಣೆಗೆ ಹೋಗಿದ್ದ ಗಂಡ ಸೌಟಿನ ಸದ್ದಿಗೆ ಇಣುಕಿ, ಏನೋ ಆಗಿದೆ ಎಂದು ಬಂದು ಕೂತ. ಮಾವ ಆ ರಾಶಿಯನ್ನು ನೋಡಿದರು, ತಮ್ಮ ಒಂಟಿ ತುತ್ತನ್ನು ನೋಡಿದರು, ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

"ಅಷ್ಟೂ ತಿನ್ತೀಯಾ?" ಎಂದರು ದೀನವಾಗಿ.

"ಅಷ್ಟೂ, ಮಾವ."

"ಹಾಗಾದ್ರೆ ತಿನ್ನು."

ಸ್ಕ್ಯಾನಕ್ಕ ಮೊದಲ ತುತ್ತು ಬಾಯಿಗಿಟ್ಟಳು. ನಾದಿನಿ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು, ಸೌಟು ಕೈಯಲ್ಲಿ ಹಿಡಿದು ಅವಳ ಮುಖವನ್ನೇ ನೋಡುತ್ತ ಕೂತಳು. "ಚೆನ್ನಾಗಿದೆಯಾ ಅತ್ತಿಗೆ?"

ಸ್ಕ್ಯಾನಕ್ಕನ ಬಾಯಿ ತುಂಬಿತ್ತು. ಅಗಿದಳು. ಮತ್ತೂ ಅಗಿದಳು. ಕಣ್ಣು ಮುಚ್ಚಿ ನುಂಗಿದಳು. ಅದು ಹೋಗಿ ಅಲ್ಲಿ ನಿಂತಿತು. ಮೇಜಿನ ಸುತ್ತ ಮೂವರೂ ಉಸಿರು ಹಿಡಿದು ಕಾದರು. ಮಾವನ ಕಾಲು ಕುಣಿಯುವುದು ನಿಂತಿತ್ತು, ಗಂಡನ ಬಾಯಿ ತೆರೆದಿತ್ತು. ಆ ಮನೆಯಲ್ಲಿ ಇಷ್ಟು ಜನ ಇಷ್ಟು ಹೊತ್ತು ಸುಮ್ಮನೆ ಕೂತದ್ದು ಅದೇ ಮೊದಲು. ಕೊನೆಗೆ ತುತ್ತು ಇಳಿಯಿತು.

"ಚೆನ್ನಾಗಿದೆ" ಎಂದಳು. "ಇಷ್ಟು ವರ್ಷವೂ ಚೆನ್ನಾಗೇ ಇತ್ತು. ಹೇಳೋಕೆ ಪುರುಸೊತ್ತಿರಲಿಲ್ಲ."

ನಾದಿನಿ ಸೆರಗಿನಿಂದ ಮೂಗು ಒರೆಸಿಕೊಂಡು ಇನ್ನೊಂದು ಸೌಟು ಬಡಿಸಿದಳು. ಮಾವ ಅಯ್ಯೋ ದೇವರೇ ಎಂದು ಅಂಗಿಯ ತೋಳು ಮಡಚಿಕೊಳ್ಳುತ್ತ, ಇನ್ನೂ ಒಂದು ಗಂಟೆಯಾದರೂ ಕೂರಬೇಕೆಂದು ಕುರ್ಚಿಯಲ್ಲಿ ಸರಿಯಾಗಿ ಒರಗಿದರು.